ಸಂಜೆಗೆ ರೆಡಿಯಾಗುವ ಮದುವೆ

ನಾಗೇಶನ ಬಾಯಿಂದ ದಿನಕ್ಕೆ ಅತಿ ಹೆಚ್ಚು ಸಲ ಹೊರಬೀಳುವ ಮಾತು, "ಸಂಜೆಗೆ ರೆಡಿ ಆಗುತ್ತೆ ಸರ್." ಶಿವಮೊಗ್ಗದ ಒಂದು ಬೈಕ್ ಶೋರೂಮಿನಲ್ಲಿ ಸರ್ವಿಸ್‌ಗೆ ಬಂದ ಗಾಡಿಗಳ ದೂರು ಕೇಳಿಸಿಕೊಳ್ಳುವ ಸಂಬಳದ ಕೆಲಸ ಅವನದು. ಗಾಡಿ ಸಂಜೆಗೆ ರೆಡಿಯಾಗುವುದಿಲ್ಲವೆಂದು ಅವನಿಗೂ ಗೊತ್ತು, ಗಿರಾಕಿಗೂ ಗೊತ್ತು. ಆದರೂ ಇಬ್ಬರೂ ಮರ್ಯಾದಸ್ಥರಂತೆ ತಲೆಯಾಡಿಸಿ ಬೇರೆಯಾಗುತ್ತಾರೆ. ತೊಂದರೆ ಶುರುವಾದದ್ದು ಅದೇ ಮಾತನ್ನು ಅವನು ಬಸ್ಸಿನಲ್ಲಿ ಭದ್ರಾವತಿಯ ಮನೆಗೂ ತಂದು, ಸ್ವಂತ ತಂಗಿಗೇ ಹೇಳಿದಾಗ.

ತಂಗಿ ಬಿಂದುಶ್ರೀಯನ್ನು ಬೇಸಿಗೆಯಲ್ಲಿ ಕುಂಸಿಗೆ ಕೊಟ್ಟು ಮದುವೆ ಮಾಡಿದ್ದರು. ಸ್ಟುಡಿಯೋದವರು ಶೂಟಿಂಗ್ ಮುಗಿಸಿ ಎಡಿಟಿಂಗಿನ ಮಾತು ತೆಗೆದಾಗ ನಾಗೇಶ ಎದೆ ಮುಂದೆ ಮಾಡಿ, "ಫುಟೇಜ್ ಹಾಗೇ ಕೊಟ್ಬಿಡಿ, ಎಡಿಟ್ ನಾನೇ ಮಾಡ್ತೀನಿ" ಎಂದಿದ್ದ. ಅಲ್ಲಿಯವರೆಗಿನ ಅವನ ಅನುಭವವೆಂದರೆ ಮೊಬೈಲಿನಲ್ಲಿ ಮಾಡಿದ ಗೆಳೆಯರ ಬರ್ತ್‌ಡೇ ವಿಡಿಯೋಗಳು. ಅವುಗಳಿಗೆ ಬಿದ್ದ ಲೈಕುಗಳಲ್ಲಿ ಒಂದು ಅವನದೇ ಎರಡನೇ ಅಕೌಂಟಿನದು. ಸ್ಟುಡಿಯೋದವನು ಅವನನ್ನು ಮೇಲಿಂದ ಕೆಳಗೆ ನೋಡಿ, ಹಾರ್ಡ್‌ಡಿಸ್ಕ್ ಕೈಗಿಟ್ಟು, ನೆಮ್ಮದಿಯಾಗಿ ಹೋದ.

ಬಿಂದುಶ್ರೀ ಕೇಳಿದ್ದು ಒಂದೇ.

"ಅಣ್ಣಾ, ನನ್ ಮದುವೇಲಿ ನಾನೇನೂ ನೋಡಿಲ್ಲ ಕಣೋ. ತಲೆ ಎತ್ತಬೇಡ, ತಲೆ ಎತ್ತಬೇಡ ಅಂತ ಅಮ್ಮ ಹಿಂದಿಂದ ತಿವೀತಾನೇ ಇದ್ಲು. ಧಾರೆ ಹೊತ್ತಲ್ಲಿ ಬರೀ ಕೈಗಳು ಕಂಡ್ವು. ಬಳೆ, ವಾಚು, ಒಂದು ಬ್ಯಾಂಡೇಜ್ ಹಾಕಿದ ಬೆರಳು. ಯಾರ್ಯಾರು ಬಂದು ಹಾಲು ಎರೆದ್ರು ಅಂತ ಒಂದ್ಸಲ ಕೂತು ನೋಡ್ಬೇಕು."

ಅವರ ಕಡೆಯ ಮದುವೆಯಲ್ಲಿ ಹೆಣ್ಣುಗಂಡಿನ ಕೈ ಕೂಡಿಸಿ ಹಿಡಿಸಿದ ಮೇಲೆ ಹತ್ತಿರದವರು, ದೂರದವರು, ಕೊನೆಗೆ ಪಕ್ಕದ ಮನೆಯವರು ಕೂಡ ಸಾಲಾಗಿ ಬಂದು ಚೊಂಬಿನಿಂದ ಒಂದೊಂದು ಧಾರೆ ಹಾಲು ಎರೆಯುತ್ತಾರೆ. ಎರೆದವರು ನಮ್ಮವರು ಎಂದು ಲೆಕ್ಕ.

"ಅದಕ್ಕೇನು, ಬೇಗ ಆಗುತ್ತೆ ಬಿಡು" ಎಂದ ನಾಗೇಶ. ಸಂಜೆಗೆ ಎನ್ನಲಿಲ್ಲ, ಅಷ್ಟೇ ವ್ಯತ್ಯಾಸ.

ಆದರೆ ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪು ಆ ಫುಟೇಜನ್ನು ತೆರೆದೊಡನೆ ಏದುಸಿರು ಬಿಟ್ಟು ನಿಂತುಹೋಯಿತು. ಸರಿ, ಎಡಿಟಿಂಗಿಗೆಂದೇ ಒಂದು ಕಂಪ್ಯೂಟರನ್ನು ಕೈಯಾರೆ ಜೋಡಿಸುವುದು ಎಂದು ತೀರ್ಮಾನವಾಯಿತು. ಮಳೆಗಾಲವೆಲ್ಲ ಅದರಲ್ಲೇ ಹೋಯಿತು. ಅವನ ಸ್ವಭಾವವೇ ಅದು: ಒಂದು ಕಡೆ ಕೂತರೆ ಮೊಣಕಾಲು ಕುಣಿಯುತ್ತದೆ, ಒಂದು ವಿಡಿಯೋ ನೋಡುವಾಗ ಕೈ ಮುಂದಿನದಕ್ಕೆ ಹೋಗುತ್ತದೆ. ಪ್ರೊಸೆಸರ್ ಕೊಂಡ ಮರುದಿನವೇ ಅದಕ್ಕಿಂತ ಚೆನ್ನಾಗಿರುವುದು ಬರಲಿದೆಯೆಂದು ಯಾರೋ ಯೂಟ್ಯೂಬಿನಲ್ಲಿ ಹೇಳಿದರು. ಇಷ್ಟು ರ‍್ಯಾಮ್ ಸಾಕೇ ಎಂಬ ಚಿಂತೆ ಶೋರೂಮಿನಲ್ಲೂ ಬಿಡಲಿಲ್ಲ. "ಬ್ರೇಕ್ ಹಿಡೀತಿಲ್ಲ" ಎಂದ ಗಿರಾಕಿಯೊಬ್ಬರ ದೂರನ್ನು ಅವನು "ಬ್ಯಾಟರಿ" ಎಂದು ಬರೆದುಕೊಂಡು ಬೈಸಿಕೊಂಡ.

ಅಷ್ಟರಲ್ಲಿ ಬಿಂದುಶ್ರೀ ಬಸುರಿಯಾದಳು. ಕುಂಸಿಯಿಂದ ಅವಳು ಫೋನು ಮಾಡಿದಾಗ ಹಿಂದಿನಿಂದ ಅತ್ತೆ ಸುವರ್ಣಮ್ಮನವರ ಮಾತು ತೇಲಿ ಬಂತು: "ಮದುವೆ ವಿಡಿಯೋನ ಮೊಮ್ಮಗು ನಾಮಕರಣದ ಜೊತೆಗೇ ಸೇರಿಸಿ ಕೊಡ್ತಾರೇನಮ್ಮ ನಿಮ್ಮಣ್ಣ? ಖರ್ಚು ಉಳಿಯುತ್ತೆ."

ಆಮೇಲೆ ತಂಗಿ ಫೋನು ಹಿಡಿದು ಆಚೆ ಹೋಗಿ ತಗ್ಗಿದ ದನಿಯಲ್ಲಿ ಹೇಳಿದಳು. "ಸೀಮಂತಕ್ಕೆ ಮನೆಗೆ ಬರ್ತೀನಲ್ಲ, ಆಗ ಹಾಕು ಅಣ್ಣ. ಮಗು ಬಂದ್ಮೇಲೆ ನನಗೆಲ್ಲಿ ಕೂತು ನೋಡೋಕಾಗುತ್ತೆ? ಈಗ ನೋಡಿದ್ರೆ ನೋಡಿದೆ."

ಆ ದನಿ ಅವನನ್ನು ಚುಚ್ಚಿತು. ಅದೇ ಭಾನುವಾರ ಅಪ್ಪ ಜಯಪ್ಪನವರನ್ನು ಮಂಚದಿಂದ ಎಬ್ಬಿಸಿ, ಬೆಡ್‌ಶೀಟಿನ ಮೇಲೆ ಎಲ್ಲ ಭಾಗಗಳನ್ನು ಹರವಿದ. ಮದರ್‌ಬೋರ್ಡು ಕೂರಿಸಿದ. ಪ್ರೊಸೆಸರಿನ ನೆತ್ತಿಗೆ ಪೇಸ್ಟ್ ಸವರಿ ಮೇಲೆ ಫ್ಯಾನ್ ಬಿಗಿದ. ಒಂದು ಸ್ಕ್ರೂ ಹಾಸಿಗೆಯೊಳಗೆ ಮಾಯವಾಯಿತು, ಅದಿಲ್ಲದೆಯೂ ನಡೆಯುತ್ತದೆಂದು ತನಗೆ ತಾನೇ ಹೇಳಿಕೊಂಡ. ಗಿರಾಕಿ ಹೀಗೆ ಹೇಳಿದ್ದರೆ ಅವನು ಬಿಡುತ್ತಿರಲಿಲ್ಲ.

"ಇದಕ್ಕೆ ಇಷ್ಟೊಂದು ಫ್ಯಾನ್ ಯಾಕೋ?" ಎಂದರು ಜಯಪ್ಪ.

"ಬಿಸಿ ಆಗುತ್ತಪ್ಪ."

"ಕಾರ್ಖಾನೇಲಿ ಫರ್ನೇಸ್ ಮುಂದೆ ನಿಂತ ನಮಗೆ ಒಂದು ಫ್ಯಾನ್ ಇರ್ಲಿಲ್ಲ."

ಸ್ವಿಚ್ ಒತ್ತಿದ. ಫ್ಯಾನುಗಳು ತಿರುಗಿದವು, ಬಣ್ಣದ ದೀಪಗಳು ಮಿನುಗಿದವು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಬಿಚ್ಚಿ ಕಟ್ಟಿದ, ಮತ್ತೆ ಬಿಚ್ಚಿದ. ಅಡುಗೆಮನೆಯಲ್ಲಿ ಅಮ್ಮ ಹೂವಮ್ಮ ಮಿಕ್ಸಿ ಹಾಕಿದಾಗಲೆಲ್ಲ ಯುಪಿಎಸ್ಸು ಕೀಚ್ ಕೀಚ್ ಎಂದು ಬೊಬ್ಬೆ ಹೊಡೆಯಿತು. ಆ ಹಳೆಯ ಮನೆಯ ವೈರಿಂಗಿಗೆ ಮಿಕ್ಸಿಯೂ ಕಂಪ್ಯೂಟರೂ ಒಟ್ಟಿಗೆ ಹಿಡಿಸುವುದಿಲ್ಲ.

ಮರುದಿನ ಅದನ್ನು ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗದ ಬಸ್ಸು ಹತ್ತಿದ. ಒಂದು ಬದಿಗೆ ಗಾಜಿದ್ದ ಆ ಡಬ್ಬವನ್ನು ಕಂಡಕ್ಟರ್ ಬಗ್ಗಿ ನೋಡಿದ.

"ಏನ್ರೀ, ಮೀನಿನ ಟ್ಯಾಂಕಾ?"

"ಕಂಪ್ಯೂಟರ್ ಸಾರ್."

"ಹಂಗಾದ್ರೆ ಲಗೇಜ್ ಆಗುತ್ತೆ. ಮೀನಾಗಿದ್ರೆ ಬಿಡ್ತಿದ್ದೆ."

ದುರ್ಗಿಗುಡಿಯ ಕಂಪ್ಯೂಟರ್ ಅಂಗಡಿಯ ವಸಂತ್ ಅದನ್ನು ಬಿಚ್ಚಲೇ ಇಲ್ಲ. ಹಿಂಬದಿ ತಿರುಗಿಸಿ ಕೇಳಿದ, "ಮಾನಿಟರ್ ಕೇಬಲ್ ಎಲ್ಲಿಗೆ ಚುಚ್ಚಿದ್ರಿ?"

"ಹಿಂದೆ."

"ಹಿಂದೆ ಎರಡು ಕಡೆ ಇದೆ ಮಾರಾಯ್ರೆ. ಮೇಲಿಂದು ಮದರ್‌ಬೋರ್ಡಿಂದು. ನಿಮ್ಮ ಪ್ರೊಸೆಸರ್‌ಗೆ ಚಿತ್ರ ತೋರ್ಸೋ ಶಕ್ತಿ ಇಲ್ಲ, ಅದಕ್ಕೇ ತಾನೆ ಅಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿರೋದು? ಕೇಬಲ್ ಅದಕ್ಕೆ ಹಾಕ್ಬೇಕು, ಕೆಳಗೆ."

ಹಾಕಿದ. ಪರದೆ ಬೆಳಗಿತು. ಗಾಡಿ ಸ್ಟಾರ್ಟ್ ಆಗುತ್ತಿಲ್ಲವೆಂದು ತಳ್ಳಿಕೊಂಡು ಬಂದವರಿಗೆ ನಾಗೇಶ "ಪೆಟ್ರೋಲ್ ಇದೆಯಾ ಸರ್?" ಎಂದು ಕೇಳುತ್ತ ತುಟಿಯಂಚಿನಲ್ಲಿ ಒಂದು ನಗೆ ಬೀರುವುದುಂಟು. ಅದೇ ನಗೆಯನ್ನು ಅವನು ಅಂದು ಎದುರಿನಿಂದ ನೋಡಿದ.

ಆಮೇಲೆ ಎಡಿಟಿಂಗು. ಮಶೀನು ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಓಡಿತು. ಅಲುಗಾಡಿದ್ದು ಅವನ ಸಹನೆ ಮಾತ್ರ. ಧಾರೆಯ ಫುಟೇಜಂತೂ ಮುಗಿಯುವ ಲಕ್ಷಣವೇ ಇರಲಿಲ್ಲ. ಕ್ಯಾಮೆರಾ ಒಂದೇ ಕಡೆ ನಿಂತಿದೆ, ಅದೇ ಚೊಂಬು, ಅದೇ ಹಾಲು, ಒಬ್ಬರ ಹಿಂದೆ ಒಬ್ಬರು. ನಾಗೇಶ ವೇಗ ಹೆಚ್ಚಿಸಿ ಹಾರಿಹಾರಿ ನೋಡಿದ. ಯಾರು ನೋಡ್ತಾರೆ ಇದನ್ನ, ಅನ್ನಿಸಿತು. ಕತ್ತರಿಸಿದ. ಉಳಿದದ್ದು: ಮೇಲಿಂದ ಡ್ರೋನ್ ಕಂಡ ಮಂಟಪ, ಸ್ಲೋ ಮೋಷನ್ನಿನಲ್ಲಿ ಬೀಳುವ ಹಾಲಿನ ಹನಿ, ತಂಗಿಯ ಬಾಗಿದ ರೆಪ್ಪೆ, ಹಿನ್ನೆಲೆಗೆ ಕೊಳಲು. ಇಡೀ ಮದುವೆ ನಾಲ್ಕು ನಿಮಿಷಕ್ಕೆ ಇಳಿಯಿತು. ತಾನೇ ಮಾಡಿದ್ದನ್ನು ತಾನೇ ನೋಡಿ ಅವನ ಕಣ್ಣು ಒದ್ದೆಯಾಯಿತು.

ಸೀಮಂತದ ದಿನ ಆರತಿಯಾಗಿ, ಊಟವಾಗಿ, ಎಲ್ಲರೂ ಟಿವಿ ಮುಂದೆ ಕೂತರು. ಹಸಿರು ಬಳೆ ತೊಟ್ಟ ಬಿಂದುಶ್ರೀಗೆ ದಿಂಬು ಇಟ್ಟು ನಡುವಿನ ಕುರ್ಚಿ. ಪಕ್ಕದಲ್ಲಿ ಸುವರ್ಣಮ್ಮ. ದೊಡ್ಡಪ್ಪ ಹೊನ್ನಯ್ಯ ಕನ್ನಡಕ ಒರೆಸಿಕೊಂಡು ಮುಂದಿನ ಸಾಲಿಗೇ ಬಂದರು. ನಾಗೇಶ ಕಂಪ್ಯೂಟರಿನಿಂದ ಟಿವಿಗೆ ಕೇಬಲ್ ಎಳೆದ, ಈ ಸಲ ಸರಿಯಾದ ತೂತಿಗೆ. ಚಿತ್ರ ಓಡಿತು. ಹನಿ ಬಿತ್ತು. ಕೊಳಲು ನಿಂತಿತು. ಕೊನೆಯಲ್ಲಿ ಅವನ ಹೆಸರು ಬಂಗಾರದ ಅಕ್ಷರಗಳಲ್ಲಿ ಹೊಳೆದು ಮರೆಯಾಯಿತು.

ಯಾರೂ ಏಳಲಿಲ್ಲ. ಎಲ್ಲರೂ ಕಾಯುತ್ತಿದ್ದರು.

"ಅಡ್ವಟೈಸ್‌ಮೆಂಟ್ ಚೆನ್ನಾಗಿದೆ ಕಣೋ ನಾಗೇಶ," ಎಂದರು ಹೊನ್ನಯ್ಯ. "ಇನ್ನು ಮದುವೆ ಹಾಕು."

"ಅದೇ ಮದುವೆ ದೊಡ್ಡಪ್ಪ."

"ಯಾರದು? ನಾನಿಲ್ಲ, ನಿಮ್ಮ ದೊಡ್ಡಮ್ಮ ಇಲ್ಲ. ಬೆರಳು ಕೊಯ್ಕೊಂಡಿದ್ರೂ ಬ್ಯಾಂಡೇಜ್ ಸುತ್ಕೊಂಡು ಬಂದು ಹಾಲು ಎರೆದವನು ನಾನು!"

"ನಮ್ಮ ಕಡೆಯೋರು ಒಂದು ಬಸ್ಸು ಜನ ಬಂದಿದ್ವಿ," ಎಂದರು ಸುವರ್ಣಮ್ಮ. "ಬಸ್ಸನ್ನೂ ಕಾಣೆ."

ನಾಗೇಶ ತಂಗಿಯ ಕಡೆ ನೋಡಿದ. ಅವಳು ಬೈದಿದ್ದರೆ ಚೆನ್ನಾಗಿತ್ತು. ಖಾಲಿ ಪರದೆಯನ್ನೇ ನೋಡುತ್ತ ಹೇಳಿದಳು, "ಹಾಲು ಬಿತ್ತು ಅಣ್ಣ. ಎರೆದೋರು ಎಲ್ಲಿ?"

ಅವನು ಮೌಸ್ ಹಿಡಿದ. ಹಾರ್ಡ್‌ಡಿಸ್ಕಿನಲ್ಲಿ ಧಾರೆಯ ಫುಟೇಜು ಹಾಗೇ ಇತ್ತು. ಸಂಗೀತವಿಲ್ಲ, ಬಣ್ಣ ತಿದ್ದಿಲ್ಲ, ಹಿಂದಿನಿಂದ ಯಾರೋ "ಹೂವು ತನ್ನಿ, ಹೂವು" ಎಂದು ಕೂಗುತ್ತಿದ್ದಾರೆ. ಹಾಕಿದ.

ಮೊದಲ ಕೈ ಬಂತು. "ಅಪ್ಪ," ಎಂದಳು ಬಿಂದುಶ್ರೀ. ಎರಡನೆಯದು ಬಂತು. ಬಳೆ ನೋಡಿಯೇ "ಅಮ್ಮ" ಎಂದಳು. ಬ್ಯಾಂಡೇಜಿನ ಬೆರಳು ಬಂದಾಗ ಇಡೀ ಮನೆ "ಓ!" ಎಂದಿತು, ಹೊನ್ನಯ್ಯ ಗೆದ್ದವರಂತೆ ಸುತ್ತ ನೋಡಿದರು. ಕುಂಸಿಯವರ ಸಾಲು ಶುರುವಾದಾಗ ಸುವರ್ಣಮ್ಮ ಒಬ್ಬೊಬ್ಬರ ಹೆಸರು ಹೇಳಿದರು, ಅವರ ಮಂಡಿನೋವು, ಮಗಳ ಗಂಡ, ಮನೆ ಜಗಳದ ಸಮೇತ. ಬಿಂದುಶ್ರೀ ಮುಂದೆ ಬಾಗಿ ಒಂದೊಂದು ಮುಖವನ್ನೂ ಕುಡಿಯುವಂತೆ ನೋಡುತ್ತಿದ್ದಳು. "ಅಯ್ಯೋ, ನಮ್ಮ ಹೈಸ್ಕೂಲ್ ಟೀಚರ್! ಇವ್ರೂ ಬಂದಿದ್ರಾ?" ಎಂದು ಒಮ್ಮೆ ಬಾಯಿಗೆ ಕೈ ಇಟ್ಟುಕೊಂಡಳು. ಸ್ವಲ್ಪ ಮುಂದಕ್ಕೆ ಓಡಿಸಲೆಂದು ನಾಗೇಶನ ಬೆರಳು ತಾನಾಗಿ ಕೀಲಿಯ ಮೇಲೆ ಹೋದಾಗ ತಿರುಗಿಯೂ ನೋಡದೆ ಆ ಕೈಗೆ ಒಂದೇಟು ಕೊಟ್ಟಳು.

ಸಾಲು ಸಣ್ಣದಾಗುತ್ತ ಬಂತು.

"ನಿನ್ನ ಕೈ ಯಾವಾಗ ಬರುತ್ತೆ ಅಣ್ಣ?"

"ಬರುತ್ತೆ ಇರು. ಕೊನೇಲಿ ಎರೆದೆ ಅನ್ಸುತ್ತೆ."

ಕೊನೆಯ ಅಜ್ಜಿಯೊಬ್ಬರು ಎರೆದು ಹೋದರು. ಚೊಂಬನ್ನು ಎತ್ತಿಟ್ಟರು. ನಾಗೇಶ ಹಿಂದಕ್ಕೆ ಎಳೆದ, ಮುಂದಕ್ಕೆ ಎಳೆದ. ಎರೆದಿದ್ದೇನೆಂದು ಇಷ್ಟು ತಿಂಗಳು ಅವನು ನಂಬಿದ್ದ. ಬೇರೆ ಕ್ಯಾಮೆರಾದ ಫೈಲು ತೆರೆದ. ಅಲ್ಲಿ, ಮಂಟಪದ ಮೂಲೆಯಲ್ಲಿ, ಅವನ ಬೆನ್ನು ಕಂಡಿತು. ಧಾರೆಯ ಹೊತ್ತಿಡೀ ಅವನು ಆಕಾಶಕ್ಕೆ ಬೆರಳು ತೋರಿಸುತ್ತ ಡ್ರೋನಿನವನಿಗೆ ಆಚೆ ಹೋಗು, ಈಚೆ ಬಾ ಎಂದು ಹೇಳುತ್ತಿದ್ದ.

ಬಿಂದುಶ್ರೀ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಅಮ್ಮ ಗದರುವವರೆಗೆ ನಕ್ಕಳು. "ಮೇಲಿಂದ ಮಂಟಪ ಅಷ್ಟು ಚೆನ್ನಾಗಿ ಬಂದಿದ್ದು ಇದಕ್ಕೇ!"

ಅವನೂ ನಗಲು ನೋಡಿದ. ಆಗಲಿಲ್ಲ.

"ಇದನ್ನೇ ಪೆನ್‌ಡ್ರೈವ್‌ಗೆ ಹಾಕ್ಕೊಡು," ಎಂದಳು ಅವಳು, ಕಣ್ಣು ಒರೆಸಿಕೊಂಡು. "ಒಂದೂ ಕಟ್ ಮಾಡ್ಬೇಡ. ನಿನ್ ಬೆನ್ನೂ ಇರ್ಲಿ. ಸಂಜೆ ಹೊರಡೋವಾಗ ಅತ್ತೆ ಕೈಲಿ ಕಳಿಸ್ಬೇಕು."

ಎರಡು ಕ್ಯಾಮೆರಾದ ಫೈಲುಗಳನ್ನೂ ಒಂದಕ್ಕೊಂದು ಜೋಡಿಸಿ ಎಕ್ಸ್‌ಪೋರ್ಟ್ ಒತ್ತಿದ. ನೀಲಿ ಗೆರೆಯೊಂದು ಬಸವನಹುಳುವಿನಂತೆ ಹೊರಟಿತು.

"ಎಷ್ಟೊತ್ತಾಗುತ್ತಪ್ಪ?" ಎಂದರು ಸುವರ್ಣಮ್ಮ.

"ಸಂಜೆಗೆ ರೆ..." ಎಂದವನು ಅಲ್ಲೇ ತಡೆದುಕೊಂಡ. ಇನ್ನೊಂದಿಷ್ಟು ರ‍್ಯಾಮ್ ಹಾಕಿಸಿದ್ದರೆ ಎಂಬ ಯೋಚನೆ ಬಂತು, ಅದನ್ನೂ ನುಂಗಿದ. ಒಳಗೆ ಅಮ್ಮ ಮಿಕ್ಸಿಯ ಜಾರು ಕೂರಿಸಿದ ಸದ್ದು.

"ಅಮ್ಮಾ, ಮಿಕ್ಸಿ ಬೇಡ!" ಎನ್ನುತ್ತ ಎದ್ದ.

ಬಿಂದುಶ್ರೀ ಅಂಗಿ ಹಿಡಿದು ಕೆಳಗೆ ಎಳೆದಳು. "ಇಲ್ಲಿಂದ ಕೂಗಿದ್ರೆ ಕೇಳ್ಸುತ್ತೆ. ಕೂತ್ಕೊಳ್ಳೋ ಮಾರಾಯ. ಇದು ಮುಗಿಯೋವರೆಗೂ ಏಳ್ಬೇಡ."

ಕೂತ. ಮೊಣಕಾಲು ಕುಣಿಯತೊಡಗಿತು. ತಂಗಿ ತನ್ನ ಹಸಿರು ಬಳೆಯ ಕೈಯನ್ನು ಅದರ ಮೇಲಿಟ್ಟು ಒತ್ತಿ ಹಿಡಿದಳು. ಇನ್ನೊಂದು ಕಾಲು ಶುರುವಾಯಿತು.