ಕಂಚಿಗೆ ನೀರು

ಮೇಂಗ್ ಸುಂದೊಕ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಗೊಚಾಂಗಿನಲ್ಲಿ ಊರೆಲ್ಲ ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲಿ ಬಿಡಿ! ಮದುವೆಯಾಗಿ ಬಂದಾಗಿನಿಂದ ಗಂಡನ ಕಂಚಿನ ಕುಲುಮೆಯಲ್ಲಿ ತಿದಿ ಒತ್ತಿ ತೋಳು ಸವೆಸಿದವಳು ಅವಳು. ಗಂಡ ಜಾಗಟೆ ಬಡಿದು ಹೆಸರು ಮಾಡಿದ, ಇವಳು ಹೊಗೆ ಕುಡಿದಳು. ಅವನು ತೀರಿಕೊಂಡ ಮೇಲೆ ಸುತ್ತಿಗೆ ಸಿಕ್ಕಿದ್ದು ಯಾರಿಗೆ? ಅದುವರೆಗೆ ಕುಡುಗೋಲು ಬಡಿದುಕೊಂಡಿದ್ದ ಮೈದುನ ಗಿಚೊಲ್‌ಗೆ. ಹೆಂಗಸಿನ ನೆರಳು ಬಿದ್ದರೆ ಜಾಗಟೆಯ ನಾದ ಸಾಯುತ್ತದೆ ಅನ್ನುವುದು ಆ ಕಸುಬಿನವರ ನಂಬಿಕೆ.

ವರ್ಷದ ಮೊದಲ ಹುಣ್ಣಿಮೆಯ ವಾದ್ಯಮೇಳಕ್ಕೆ ಊರವರು ಕೈಜಾಗಟೆ ಮಾಡಿಕೊಡಲು ಹೇಳಿದ್ದರು. ಇದು ಕೆಟ್ಟರೆ ಇನ್ನು ಬೇರೆ ಕುಲುಮೆಗೆ ಹೋಗುತ್ತೇವೆ ಎಂದೂ ಹೇಳಿದ್ದರು. ಹೋದರೆ ಇಲ್ಲಿಗೆ ಬೀಗವೇ.

ಗಿಚೊಲ್ ಚೆನ್ನಾಗಿಯೇ ತಟ್ಟಿದ. ಕೊನೆಗೆ ಕೆಂಪಗೆ ಕಾಯಿಸಿ, ಬೂದಿಯ ಮೇಲೆ ಆರಲು ಇಟ್ಟುಬಿಟ್ಟ.

“ನೀರಿಗೆ ಹಾಕೋ!” ಸುಂದೊಕ್ ಕೂಗಿದಳು.

“ಕಾದದ್ದನ್ನ ನೀರಿಗೆ ಹಾಕಿದ್ರೆ ಪೆಡಸಾಗುತ್ತೆ ಅತ್ತಿಗೆ. ಕುಡುಗೋಲು ಬಡಿದವನಿಗೆ ಹೇಳ್ಕೊಡ್ತೀರಾ?”

“ಅದು ಉಕ್ಕಿನ ಗುಣ ಕಣೋ! ಇದು ತಾಮ್ರಕ್ಕೆ ತವರ ಬೆರೆಸಿದ ಕಂಚು, ಪೂರ್ತಿ ಉಲ್ಟಾ. ನಿಧಾನಕ್ಕೆ ಆರಿದ್ರೆ ಒಳಗಿನ ಹರಳೇ ಪೆಡಸಾಗುತ್ತೆ. ಥಟ್ಟನೆ ತಣಿಸಿದ್ರೆ ಪೆಟ್ಟು ತಾಳುತ್ತೆ.”

“ಆ ಕಡೆ ಸರೀರಿ, ನೆರಳು ಬೀಳ್ತಿದೆ.”

ನೆರಳಂತೆ, ನೆರಳು!

ಆರಿದ ಮೇಲೆ ನಾದ ನೋಡಲು ಒಂದು ಪೆಟ್ಟು ಹಾಕಿದ. ಅಂಚಿನಿಂದ ನಡುವಿನವರೆಗೆ ಚಟ್ಟನೆ ಸೀಳಿತು. ಗಿಚೊಲ್ ಸೀಳನ್ನು ನೋಡಲಿಲ್ಲ, ಅತ್ತಿಗೆಯನ್ನು ನೋಡಿದ.

“ಹೇಳಿದ್ನಲ್ಲ, ನೆರಳು ಅಂತ.”

“ಇಷ್ಟು ವರ್ಷ ತಿದಿ ಒತ್ತುವಾಗ ನನ್ನ ನೆರಳೇನು ತವರಿಗೆ ಹೋಗಿತ್ತೇನೋ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಏಳು, ತಿದಿ ಹತ್ರ ಕೂತ್ಕೋ!”

ಒಡಕು ಜಾಗಟೆಯನ್ನು ಚೂರು ಮಾಡಿ ಕರಗಿಸಲು ಮೂಸೆಗೆ ಸುರಿದಳು. ಹುಣ್ಣಿಮೆ ಹತ್ತಿರ ಬಂದಿತ್ತು. ಬೇರೆ ದಾರಿಯಿಲ್ಲದೆ ಗಿಚೊಲ್ ತಿದಿ ಒತ್ತಿದ. ಅವಳು ಎರಕ ಹೊಯ್ದಳು, ಕಾಯಿಸಿ ಕಾಯಿಸಿ ಬಡಿದಳು. ಅಂಗೈ ಬೊಬ್ಬೆ ಎದ್ದರೂ ಸಿಟ್ಟು ಇಳಿಯಲಿಲ್ಲ. ಕೊನೆಯ ಕೆಂಪು ಏರಿದ್ದೇ ತಡ, ನೇರ ನೀರಿಗೆ ಹಾಕಿದಳು. ತೆಗೆದು, ಬೇಕೆಂದೇ ಜೋರಾಗಿ ಬಾರಿಸಿದಳು. ಸೀಳಲಿಲ್ಲ. ನಾದ ಅಂಗಳ ದಾಟಿ ಹೋಯಿತು.

ಮೇಳದ ಯಜಮಾನ ಬಂದು ಬಾರಿಸಿ ಹಿಗ್ಗಿದ. “ಯಾರ ಕೈಯ ಕೆಲಸ ಇದು?”

“ನಮ್ಮ ಮನೇದೇ,” ಅಂದ ಗಿಚೊಲ್.

ಸುಂದೊಕ್ ಜಾಗಟೆ ಕಿತ್ತುಕೊಂಡಳು. “ಮನೆಗೆ ಕೈ ಇರುತ್ತೇನೋ? ಒಡೆದಾಗ ನನ್ನ ನೆರಳು, ನಾದ ಬಂದಾಗ ಮನೇದಾ? ಬಾಯ್ಬಿಟ್ಟು ಹೇಳು. ಅಲ್ಲೀವರೆಗೂ ಇದು ಹೊಸ್ತಿಲು ದಾಟಲ್ಲ.”

ಗಿಚೊಲ್ ನೆಲ ನೋಡಿದ. “ಅತ್ತಿಗೇದು.”

“ಕೇಳಿಸ್ಲಿಲ್ಲ.”

“ಅತ್ತಿಗೆ ಬಡಿದದ್ದು!”

ಜಾಗಟೆ ಕೊಟ್ಟಳು. ಸುತ್ತಿಗೆಯನ್ನು ಮತ್ತೆ ಯಾರಿಗೂ ಕೊಡಲಿಲ್ಲ.