ಎರಡರಲ್ಲಿ ಒಂದು ಬಸ್ಸು

ನನ್ನ ಪಿಎಚ್‌ಡಿ ವೈವಾಕ್ಕೆ ಇನ್ನು ಅರ್ಧ ಗಂಟೆ. ಬೈಂಡಿಗೆ ಕೊಟ್ಟ ಪ್ರಬಂಧವೇ ಬಂದಿಲ್ಲ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಿಂದ ಬೆಳ್ತಂಗಡಿಯ ಬೈಂಡಿಂಗ್ ಅಂಗಡಿಯ ಹಮೀದಾಕನಿಗೆ ಫೋನ್ ಮಾಡಿದೆ.

"ಆಗಲೇ ಕಂಡಕ್ಟರನ ಕೈಯಲ್ಲಿ ಕೊಟ್ಟಾಗಿದೆ ಸರ್."

"ಯಾವ ಬಸ್ಸಿನ ಕಂಡಕ್ಟರು?"

"ಎರಡು ಬಸ್ಸು ಒಟ್ಟಿಗೆ ನಿಂತಿತ್ತು, ನೆನಪಿಲ್ಲ. ಅಂಗಡಿಯಲ್ಲಂತೂ ಇಲ್ಲ. ಹಾಗಾದ್ರೆ ಎರಡರಲ್ಲಿ ಒಂದರಲ್ಲಿ ಉಂಟೇ ಉಂಟು ಮಾರಾಯ್ರೆ!"

ಗಣಿತದಲ್ಲಿ ಯಾವುದನ್ನೂ ತೋರಿಸದೆ 'ಉಂಟು' ಎನ್ನಬಾರದು ಎಂಬುದೇ ನನ್ನ ಪ್ರಬಂಧದ ತಿರುಳು.

ಆ ಎರಡೂ ಬಸ್ಸುಗಳು ಪೈಪೋಟಿಯಲ್ಲಿ ಒಟ್ಟಿಗೇ ನುಗ್ಗಿದವು. ಮೊದಲನೆಯದರ ಕಂಡಕ್ಟರು ಇಲ್ಲವೆಂದು ತಲೆಯಾಡಿಸಿದ. ಅಷ್ಟರಲ್ಲಿ ಎರಡನೆಯದು ಹೊರಟೇಬಿಟ್ಟಿತ್ತು. ಅದರ ಮೈಗೆ ಬಡಿಯುತ್ತ ಓಡಿ ನಿಲ್ಲಿಸಿದೆ. ಡ್ರೈವರನ ಸೀಟಿನ ಹಿಂದೆ ಪ್ರಬಂಧದ ಕಟ್ಟು ಸಿಕ್ಕಿತು.

ತೋರಿಸದೆ 'ಉಂಟು' ಎಂದರೆ ನಾನು ನಂಬುವವನೇ ಅಲ್ಲ ಎಂದು ವೈವಾದಲ್ಲಿ ಗಟ್ಟಿಯಾಗಿ ವಾದಿಸಿದೆ. ಹಮೀದಾಕನನ್ನು ನಂಬಿ ಓಡಿದ ಏದುಸಿರು ಇನ್ನೂ ಇಳಿದಿರಲಿಲ್ಲ.