ಮೂರು ತಿಂಗಳು ತುಂಬುವ ಮೊದಲು

ಮೊದಲು ಮೈಕೈ ನೋವು. ಆಮೇಲೆ ಹೊಟ್ಟೆಯ ಮೇಲೆ ನೀರು ತುಂಬಿದ ಒಂದು ಗುಳ್ಳೆ. ಮರುದಿನ ಮೈತುಂಬ.

ಆಗ ನಾನು ಬಸುರಿ.

ಹಳಿಯಾಳದ ಕಾಲೇಜೊಂದರ ಹೆಣ್ಣುಮಕ್ಕಳ ಹಾಸ್ಟೆಲಿಗೆ ನಾನು ವಾರ್ಡನ್. ಗಂಡನದು ದಾಂಡೇಲಿಯಲ್ಲಿ ಗ್ಯಾರೇಜು. "ತೀನ್ ಮಹೀನೆ ಕಿಸೀಕೂ ಬೋಲ್ನಕೋ, ನಜರ್ ಲಗ್ತಿ" ಎಂದಿದ್ದರು ಅತ್ತೆ. ಮೂರು ತಿಂಗಳು ಯಾರಿಗೂ ಹೇಳಬಾರದು, ದೃಷ್ಟಿ ತಾಗುತ್ತದೆ. ನನಗೂ ಸರಿಯೆನಿಸಿತ್ತು. ಸಿಹಿಸುದ್ದಿಯನ್ನು ಒಳಗೇ ಬಚ್ಚಿಟ್ಟುಕೊಂಡು ಓಡಾಡುವುದರಲ್ಲೂ ಒಂದು ಸುಖವಿತ್ತು.

ನನಗೆ ಗುಳ್ಳೆ ಏಳುವ ಎರಡು ವಾರ ಮೊದಲು ಹಾಸ್ಟೆಲಿನ ಹುಡುಗಿ, ತೇರಗಾಂವದ ಸುಧಾ ಜ್ವರದಿಂದ ಮಲಗಿದ್ದಳು. ಹಣೆಗೆ ಒದ್ದೆಬಟ್ಟೆ ಹಾಕಿದವಳು ನಾನೇ. ಕರೆದೊಯ್ಯಲು ಬಂದ ಅವಳ ತಾಯಿ ಗಂಗವ್ವ ಮಗಳ ತೋಳು ಸರಿಸಿ ನೋಡಿ, ಮತ್ತೆ ಮುಚ್ಚಿದರು. "ಏನ್ರೀ?" ಎಂದೆ.

"ಏನಿಲ್ರಿ, ಬರೇ ಉಷ್ಣ."

ಮೈಮೇಲೆ ಗುಳ್ಳೆ ಎದ್ದರೆ ದೇವಿ ಬಂದಳೆಂದೇ ಲೆಕ್ಕ, ಆ ಅವ್ವನ ಹೆಸರೆತ್ತಿದರೆ ಮುನಿಯುತ್ತಾಳೆ ಎಂಬುದು ಅವರ ನಂಬಿಕೆ. ದಿಂಬಿನ ಕೆಳಗೆ ಬೇವಿನ ಎಲೆ ಇಟ್ಟಿದ್ದನ್ನು ನೋಡಿದ್ದೆ. ಆಗಲೂ ನನಗೆ ಹೊಳೆಯಲಿಲ್ಲ.

ಅದೇ ವಾರ ಇನ್ನಿಬ್ಬರಿಗೆ ಗುಳ್ಳೆ ಎದ್ದವು. ಹೆಲ್ತ್ ಟೀಮ್ ಬಂದು ಸ್ಯಾಂಪಲ್ ತೆಗೆದುಕೊಂಡು ಹೋಯಿತು. ಚಿಕನ್‌ಪಾಕ್ಸ್. ಕಾಯಿಲೆಯವರನ್ನು ಬೇರೆ ಬ್ಲಾಕಿಗೆ ಹಾಕಿದರು. ಊಟದ ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ ಡಾಕ್ಟರ್ ಕೇಳಿದರು, "ಇಲ್ಲಿ ಯಾರರೆ ಪ್ರೆಗ್ನೆಂಟ್ ಅದೀರೇನು?"

ಹುಡುಗಿಯರೆಲ್ಲ ಗೊಳ್ಳೆಂದರು. "ಲೇಡೀಸ್ ಹಾಸ್ಟೆಲ್‌ನಾಗ ಎಂಥಾ ಪ್ರಶ್ನೆ ರೀ ಸರ್!" ಎಂದಳೊಬ್ಬಳು. ಡಾಕ್ಟರೂ ನಕ್ಕು ಮುಂದಿನ ಪ್ರಶ್ನೆಗೆ ಹೋದರು.

ನಾನೂ ನಕ್ಕೆ.

ನನಗೆ ಎದ್ದ ಗುಳ್ಳೆಗಳ ಹಿಂದೆಯೇ ಕೆಮ್ಮು ಬಂತು, ಉಸಿರು ಕಟ್ಟತೊಡಗಿತು. ನ್ಯುಮೋನಿಯಾ ಎಂದು ಅಡ್ಮಿಟ್ ಮಾಡಿಕೊಂಡರು. "ಅವತ್ತ ಹೇಳಿದ್ರ ಒಂದು ಇಂಜೆಕ್ಷನ್ ಕೊಡಬಹುದಿತ್ತು," ಎಂದರು ಆಸ್ಪತ್ರೆಯ ಡಾಕ್ಟರ್. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವರು ಮೆಲ್ಲಗೆ ಹೇಳಿದರು.

ಸ್ಕ್ಯಾನ್‌ನಲ್ಲಿ ಹಾರ್ಟ್‌ಬೀಟ್ ಇರಲಿಲ್ಲ.

"ಇದರಿಂದನ ಆತು ಅಂತ ಹೇಳಾಕ ಬರೂದಿಲ್ಲ," ಎಂದೂ ಅವರೇ ಹೇಳಿದರು. ಆ ಮಾತನ್ನು ಹಿಡಿದುಕೊಂಡು ಮಲಗಲು ನೋಡುತ್ತೇನೆ, ನಿದ್ದೆ ಬರುವುದಿಲ್ಲ. ನೋಡಲು ಬಂದವರೆಲ್ಲ ಕೆಮ್ಮು ವಿಚಾರಿಸಿದರು, ಮುಖದ ಕಲೆಗೆ ಮುಲಾಮು ಹೇಳಿದರು. ಮಗುವಿನ ಬಗ್ಗೆ ಯಾರೂ ಕೇಳಲಿಲ್ಲ. ಇತ್ತೆಂದು ಗೊತ್ತಿದ್ದರಲ್ಲವೇ ಕೇಳುವುದು?

ಕೆಲಸಕ್ಕೆ ಮರಳಿದ ವಾರ ಗಂಗವ್ವ ಬಂದರು. ಮಗಳು ಗುಣವಾಗಿದ್ದಳು. "ಮಗಳ ಹಂಗ ನೋಡ್ಕೊಂಡ್ರಿ. ಉಡಿ ತುಂಬ್ತೇನ್ರಿ, ಬ್ಯಾಡ ಅನಬ್ಯಾಡ್ರಿ." ದುಪಟ್ಟಾ ಚಾಚಿದೆ. ಅಕ್ಕಿ ಬಿತ್ತು. ತೆಂಗಿನಕಾಯಿಯ ಭಾರ ಮಡಿಲಿಗೆ ತಾಗಿದ್ದೇ ತಡ, ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಗಂಗವ್ವನ ಕೈ ಅಲ್ಲೇ ನಿಂತಿತು.

"ಬಸುರಿ ಅಂತ ಒಂದು ಮಾತ ಅಂದಿದ್ರ ನಿಮ್ಮನ್ನ ಬಾಗಲದಾಗ ನಿಂದರಸ್ತಿದ್ನೆಲ್ರೀ ಮೇಡಮ್ಮಾರ! ಅವ್ವ ಇದ್ದಲ್ಲಿ ಬಸುರಿ ಬರಬಾರ್ದು."

'ನೀವೂ ಒಂದು ಮಾತು ಹೇಳಿದ್ದರೆ' ಎಂಬುದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಅವರು ಬಾಯಿ ಮುಚ್ಚಿಕೊಂಡದ್ದೂ ತಮ್ಮ ಮಗಳು ಉಳಿಯಲೆಂದೇ.

ಅವರು ಕೆಳಗೆ ಕುಸಿದು ಕೂತು ಗೋಳೋ ಎಂದು ಅತ್ತರು. ನನ್ನ ಮಗುವಿಗಾಗಿ ಹೊರಗಿನವರೊಬ್ಬರು ಅತ್ತದ್ದು ಅದೇ ಮೊದಲು.